ಅಕ್ಕನ ಲಗ್ನ ಮತ್ತು ಒಂದು ಸಹಿ

ರಜೆಗೆ ಕೊಹಿನೂರಿಗೆ ಹೋಗಿದ್ದೆ. ರಾತ್ರಿ ಧಾರಾವಾಹಿ ಮುಗಿದ ಮೇಲೆ ಮನೆಯಲ್ಲಿ ಒಂದೇ ಮಾತು: ಅಕ್ಕನ ಲಗ್ನ. ಕಾಕಾ ಅಂದರು, "ಲಗ್ನದ ಖರ್ಚು ನಾವೇ ಮಾಡ್ತೀವಿ. ಮತ್ತ ಹೊಲದಾಗ ಆಕಿದೇನು ಪಾಲು? ಒಂದು ಸಹಿ ಹಾಕಿದ್ರ ಮುಗೀತು." ಅಕ್ಕ ಸುಮ್ಮನಿದ್ದಳು. ನಾನೂ ಸುಮ್ಮನಿದ್ದೆ. ಆಮೇಲೆ ಓದಿ ನೋಡಿದೆ.

ಪಿತ್ರಾರ್ಜಿತ ಆಸ್ತಿಯಲ್ಲಿ ಗಂಡುಮಗನಿಗೆ ಹುಟ್ಟಿನಿಂದಲೇ ಹಕ್ಕು ಅಂತ ವಿವರಿಸಿದ ಗ್ರಂಥ 'ಮಿತಾಕ್ಷರ'. ಬರೆದವರು ವಿಜ್ಞಾನೇಶ್ವರ, ಚಾಲುಕ್ಯ ದೊರೆ ಆರನೇ ವಿಕ್ರಮಾದಿತ್ಯನ (1076–1126) ಕಾಲದಲ್ಲಿ. ಆ ದೊರೆಯ ರಾಜಧಾನಿ ಕಲ್ಯಾಣ, ಅಂದ್ರೆ ಇವತ್ತಿನ ನಮ್ಮ ಬಸವಕಲ್ಯಾಣ! ಬಂಗಾಳ, ಅಸ್ಸಾಂ ಬಿಟ್ಟರೆ ದೇಶದ ಹೆಚ್ಚಿನ ಹಿಂದೂ ಮನೆಗಳಲ್ಲಿ ಪಾಲು ಆಗ್ತಿದ್ದದ್ದು ಇದರ ಪ್ರಕಾರವೇ.

2005ರಲ್ಲಿ ಹಿಂದೂ ಉತ್ತರಾಧಿಕಾರ ಕಾಯ್ದೆಗೆ ತಿದ್ದುಪಡಿ ಬಂದು, ಮಗಳಿಗೂ ಹುಟ್ಟಿನಿಂದಲೇ ಸಮಪಾಲು ಸಿಕ್ಕಿತು. ಲಗ್ನ ಆದರೂ ಅದು ಹೋಗೋದಿಲ್ಲ. 2005ರಲ್ಲಿ ಅಪ್ಪ ಬದುಕಿರಲೇಬೇಕು ಅಂತೇನಿಲ್ಲ ಎಂದು ಸುಪ್ರೀಂ ಕೋರ್ಟ್ 2020ರಲ್ಲಿ ಹೇಳಿತು. ಆದರೆ ಅಪ್ಪ ಸ್ವಂತ ದುಡಿದು ಮಾಡಿದ ಆಸ್ತಿ ಬೇರೆ; ಅದನ್ನು ಅವರು ಉಯಿಲು ಬರೆದು ಯಾರಿಗಾದರೂ ಕೊಡಬಹುದು. ಇನ್ನು ಕಾಕಾ ಹೇಳಿದ ಸಹಿ ಅಂದ್ರೆ ಹಕ್ಕು ಬಿಡುಗಡೆ ಪತ್ರ. ಅದು ಒಮ್ಮೆ ನೋಂದಣಿ ಆದರೆ ಪಾಲು ವಾಪಸ್ ಕೇಳೋದು ತುಂಬಾ ಕಷ್ಟ.

ಇದನ್ನೆಲ್ಲ ಅಕ್ಕನಿಗೆ ಹೇಳಿದೆ. "ನಿನ್ನ ಪಾಲು ಕಡಿಮಿ ಆಗ್ತದಲ್ಲೋ!" ಅಂತ ನಕ್ಕಳು. ಹೌದು, ಆಗ್ತದೆ. ಸಹಿ ಹಾಕೋದು ಬಿಡೋದು ಆಕೆಯ ಇಷ್ಟ. ಹಾಕೋ ಮುಂಚೆ ಗೊತ್ತಿರಲಿ, ಅಷ್ಟೇ.