ಇಎಲ್ ಹಾಕಿ ಅಂಡಮಾನ್‌ಗೆ ಹೋದ ಅಮ್ಮ

ಬೊಮ್ಮನಹಳ್ಳಿಯಲ್ಲಿ ಬೆಳಗ್ಗೆ ಎಂಟರಿಂದ ಒಂಬತ್ತರವರೆಗೆ ಹೊಸೂರು ರಸ್ತೆಯ ಪಕ್ಕ ನಿಂತು ನೋಡಿ. ನಡೆದು ಹೋಗುವವರಲ್ಲಿ ಹೆಚ್ಚಿನವರು ಹೆಂಗಸರೇ. ಕೈಯಲ್ಲಿ ಊಟದ ಬ್ಯಾಗು, ಕೊರಳಲ್ಲಿ ಐಡಿ ಕಾರ್ಡು, ಹೆಜ್ಜೆಯಲ್ಲಿ ಅವಸರ. ಗಾರ್ಮೆಂಟ್ಸ್ ಗೇಟು ಮುಚ್ಚುವುದರೊಳಗೆ ಒಳಗಿರಬೇಕು. ಮೇಲೆ ಮೆಟ್ರೊ ಹಳದಿ ಮಾರ್ಗ ಬಂದರೂ ಕೆಳಗಿನ ಈ ನಡಿಗೆ ನಿಂತಿಲ್ಲ. ಈ ಸಾಲಿನಲ್ಲಿ ನಮ್ಮಮ್ಮ 17 ವರ್ಷದಿಂದ ನಡೆಯುತ್ತಿದ್ದಾಳೆ.

ಈ ಹೆಂಗಸರ ಬಾಯಲ್ಲಿ ದಿನಾ ಓಡಾಡುವ ಒಂದು ಪದ ‘ಇಎಲ್’. ಅದು ಗಳಿಕೆ ರಜೆ. ಆದರೆ ನಾನು ಚಿಕ್ಕವನಿದ್ದಾಗ ಇಎಲ್ ಅಂದರೆ ಒಂದು ಬಗೆಯ ಬೋನಸ್ ಎಂದುಕೊಂಡಿದ್ದೆ. ಯಾಕೆಂದರೆ ಮನೆಯಲ್ಲಿ ಕೇಳುತ್ತಿದ್ದ ಮಾತೇ ಹಾಗಿತ್ತು: ‘ಇಎಲ್ ದುಡ್ಡು ಬರಲಿ, ಸ್ಕೂಲ್ ಫೀಸ್ ಕಟ್ಟೋಣ’, ‘ಇಎಲ್ ದುಡ್ಡಲ್ಲಿ ಹಬ್ಬಕ್ಕೆ ಬಟ್ಟೆ’. 1948ರ ಕಾರ್ಖಾನೆಗಳ ಕಾಯ್ದೆ ಬರೆದವರ ಮನಸ್ಸಿನಲ್ಲಿ ಇದ್ದದ್ದು ದುಡ್ಡಲ್ಲ, ದಿನ. ವರ್ಷಕ್ಕೆ 240 ದಿನ ದುಡಿದ ಕಾರ್ಮಿಕರಿಗೆ ಮುಂದಿನ ವರ್ಷ ಪ್ರತಿ 20 ದಿನದ ಕೆಲಸಕ್ಕೆ ಒಂದು ದಿನ ಸಂಬಳಸಹಿತ ರಜೆ ಎಂದು ಅದು ಹೇಳಿತ್ತು. 300 ದಿನ ದುಡಿದರೆ 15 ದಿನ. 17 ವರ್ಷಕ್ಕೆ ಗುಣಿಸಿದರೆ 255 ದಿನ. ಜ್ವರ, ಸಾವು, ಮದುವೆ ಎಂದು ತೆಗೆದುಕೊಂಡ ಕೆಲವನ್ನು ಕಳೆದರೆ ಉಳಿದ ದಿನಗಳನ್ನೆಲ್ಲ ಅಮ್ಮ ಮಾರಿದ್ದಾಳೆ. ಆ ದಿನಗಳಲ್ಲೇ ಅಕ್ಕ ಬಿಕಾಂ ಮುಗಿಸಿದ್ದು, ನಾನು ಬಿಇ ಸೇರಿದ್ದು.

ಅಪ್ಪ ಕ್ಯಾಬ್ ಡ್ರೈವರ್. ಅವರಿಗೆ ಕಾಗದದ ಮೇಲೂ ರಜೆಯಿಲ್ಲ. ಆ್ಯಪ್ ಆಫ್ ಮಾಡಿದರೆ ಅವತ್ತಿನ ದುಡಿಮೆ ಆಫ್, ಗಾಡಿಯ ಇಎಂಐ ಮಾತ್ರ ಯಾವಾಗಲೂ ಆನ್. ಎಲೆಕ್ಟ್ರಾನಿಕ್ ಸಿಟಿಯಿಂದ ಏರ್‌ಪೋರ್ಟ್‌ಗೆ ಎಷ್ಟು ಟ್ರಿಪ್ ಹೊಡೆದಿದ್ದಾರೋ ಅವರಿಗೇ ಲೆಕ್ಕವಿಲ್ಲ. ಡಿಪಾರ್ಚರ್ ಗೇಟಿನ ಮುಂದೆ ಲಗೇಜು ಇಳಿಸಿ, ‘ಹ್ಯಾಪಿ ಜರ್ನಿ ಸರ್’ ಎಂದು ಹೇಳಿ ವಾಪಸ್. ಆ ಗಾಜಿನ ಬಾಗಿಲಿನ ಒಳಗೆ ಏನಿದೆ ಎಂದು ಅವರು ನೋಡಿರಲಿಲ್ಲ.

ಇವರಿಬ್ಬರನ್ನೂ ಒಂದು ಟೂರ್‌ಗೆ ಕಳಿಸಬೇಕು ಎಂದು ಹಟ ಹಿಡಿದವಳು ಅಕ್ಕ. ಕೆಲಸ ಸಿಕ್ಕ ಮೊದಲ ತಿಂಗಳಿಂದಲೇ ಚೀಟಿ ಹಾಕಿದ್ದಳು. ಮದುವೆಯಾಗಿ 25 ವರ್ಷ, ಇಬ್ಬರೇ ಹೋದ ದೂರದ ಊರು ಎಂದರೆ ಧರ್ಮಸ್ಥಳ. ಅಲ್ಲಿಗೂ ತೊಡೆಯ ಮೇಲೆ ಅಕ್ಕ ಇದ್ದಳಂತೆ.

ಅಕ್ಕನ ತಲೆಯಲ್ಲಿ ಮೊದಲು ಇದ್ದದ್ದು ಗ್ರೀಸ್‌ನ ಸ್ಯಾಂಟೊರಿನಿ. ನೀವೂ ರೀಲ್ಸ್‌ನಲ್ಲಿ ನೋಡಿರುತ್ತೀರಿ, ಬಿಳಿ ಮನೆ, ನೀಲಿ ಗುಮ್ಮಟ, ಕೆಳಗೆ ಸಮುದ್ರ. ಆದರೆ ಅಪ್ಪ-ಅಮ್ಮನಿಗೆ ಪಾಸ್‌ಪೋರ್ಟೇ ಇಲ್ಲ. ಷೆಂಗೆನ್ ವೀಸಾಗೆ ಕನಿಷ್ಠ 30,000 ಯೂರೊ ಮೊತ್ತದ ವೈದ್ಯಕೀಯ ವಿಮೆ ಬೇಕು, ಬ್ಯಾಂಕ್ ಸ್ಟೇಟ್‌ಮೆಂಟ್ ಬೇಕು. ವಿಮಾನದ ಟಿಕೆಟ್ ದರ ನೋಡಿದ ಮೇಲೆ ಅಕ್ಕನೇ ಲ್ಯಾಪ್‌ಟಾಪ್ ಮುಚ್ಚಿದಳು. ದ್ವೀಪವೇ ಬೇಕು ಅಂದರೆ ನಮ್ಮದೇ ಅಂಡಮಾನ್ ಇದೆಯಲ್ಲ? ಪಾಸ್‌ಪೋರ್ಟ್ ಬೇಡ, ಆಧಾರ್ ಸಾಕು. ಬೆಂಗಳೂರಿನಿಂದ ನೇರ ವಿಮಾನದಲ್ಲಿ ಮೂರು ಗಂಟೆಯೊಳಗೆ ತಲುಪಬಹುದು. ಐದು ರಾತ್ರಿ, ಆರು ಹಗಲಿನ ಪ್ಯಾಕೇಜು, ವಿಮಾನವೂ ಸೇರಿ ಇಬ್ಬರಿಗೆ 84,000 ರೂಪಾಯಿ. ಸರ್ಕಾರಿ ನೌಕರರ ಮನೆಗಳಲ್ಲಿ ಅಂಡಮಾನ್ ಫೋಟೊ ಇರುವುದು ಹೊಸದೇನಲ್ಲ, ಅವರಿಗೆ ಎಲ್‌ಟಿಸಿ ಇದೆ. ನಮ್ಮ ಬೀದಿಯಲ್ಲಿ ಮಾತ್ರ ಯಾರೂ ಹೋಗಿರಲಿಲ್ಲ.

‘ಆ ದುಡ್ಡಲ್ಲಿ ನಿಂಗೇ ಒಂದು ಸರ ಆಗ್ತಿತ್ತಲ್ಲೇ’ ಎಂದಳು ಅಮ್ಮ. ‘ಸರ ಆಮೇಲೆ, ಮೊದಲು ರಜೆ ಹಾಕು’ ಎಂದಳು ಅಕ್ಕ.

ನಿಜವಾದ ಕಷ್ಟ ಶುರುವಾಗಿದ್ದು ಅಲ್ಲಿಂದಲೇ. ದುಡ್ಡು ಹೊಂದಿಸುವುದಕ್ಕಿಂತ ರಜೆ ಕೇಳುವುದೇ ಅಮ್ಮನಿಗೆ ದೊಡ್ಡ ವಿಷಯವಾಯಿತು. ಅವರ ಲೈನಿನಲ್ಲಿ ಒಬ್ಬರು ಬರದಿದ್ದರೆ ಪಕ್ಕದ ಮಷಿನ್‌ನವರ ಮೇಲೆ ಟಾರ್ಗೆಟ್ ಬೀಳುತ್ತದೆ. ಹಾಗಾಗಿ ರಜೆ ಕೇಳಿದವರು ಅಪರಾಧಿಯಂತೆ ನಿಲ್ಲಬೇಕು. ಕಾಯಿಲೆ, ಸಾವು, ಮದುವೆ, ಈ ಮೂರೇ ಕಾರಣಕ್ಕೆ ಅಲ್ಲಿ ಮರ್ಯಾದೆ. ‘ಮೈದುನನ ಮಗಳ ಮದುವೆ ಅಂತ ಬರೀಲಾ?’ ಎಂದು ಅಮ್ಮ ಕೇಳಿದಳು. ಅಕ್ಕ ಒಪ್ಪಲಿಲ್ಲ. ‘ನಿನ್ನ ರಜೆ ಕೇಳೋಕೆ ಸುಳ್ಳು ಯಾಕಮ್ಮ? ಪ್ರವಾಸ ಅಂತಲೇ ಬರಿ.’ ಸೂಪರ್‌ವೈಸರ್ ಚೀಟಿ ಓದಿ ‘ಪ್ರವಾಸನಾ?’ ಎಂದು ಎರಡು ಸಲ ಕೇಳಿದರಂತೆ. ಆರು ದಿನ ಮಂಜೂರಾಗಲು ಮೂರು ವಾರ ಬೇಕಾಯಿತು.

ಇದೇ ಹೆಂಗಸರು 2016ರ ಏಪ್ರಿಲ್‌ನಲ್ಲಿ ಹೊಸೂರು ರಸ್ತೆಯನ್ನೇ ನಿಲ್ಲಿಸಿದ್ದರು, ನಿಮಗೆ ನೆನಪಿರಬಹುದು. ಪಿಎಫ್ ಹಣದಲ್ಲಿ ಮಾಲೀಕರ ಪಾಲನ್ನು 58 ವರ್ಷದವರೆಗೆ ತೆಗೆಯುವಂತಿಲ್ಲ ಎಂಬ ಹೊಸ ನಿಯಮದ ವಿರುದ್ಧ ಸಾವಿರಾರು ಮಂದಿ ಬೀದಿಗಿಳಿದರು. ಎರಡನೇ ದಿನಕ್ಕೆ ಕೇಂದ್ರ ಸರ್ಕಾರ ಆ ನಿಯಮವನ್ನೇ ವಾಪಸ್ ಪಡೆಯಿತು. ಪಿಎಫ್‌ಗಾಗಿ ಅಷ್ಟು ಗಟ್ಟಿಯಾಗಿ ನಿಂತವರು, ತಮ್ಮದೇ ರಜೆ ಕೇಳಲು ಇಷ್ಟು ಅಳುಕುವುದು ನನಗೆ ವಿಚಿತ್ರ ಅನ್ನಿಸಿತು. ದುಡ್ಡು ಹೋದರೆ ಕಣ್ಣಿಗೆ ಕಾಣುತ್ತದೆ. ದಿನ ಹೋದರೆ ಕಾಣುವುದಿಲ್ಲ ಅಷ್ಟೆ.

ಕುತೂಹಲಕ್ಕೆ ಪ್ಯಾಕೇಜ್ ಟೂರ್‌ನ ಇತಿಹಾಸ ಹುಡುಕಿದೆ. ಅಲ್ಲೂ ರಜೆಯ ಕಥೆಯೇ ಸಿಕ್ಕಿತು. 1841ರ ಜುಲೈ 5ರಂದು ಇಂಗ್ಲೆಂಡಿನ ಥಾಮಸ್ ಕುಕ್ ಸುಮಾರು 500 ಜನರನ್ನು ತಲಾ ಒಂದು ಶಿಲ್ಲಿಂಗ್‌ಗೆ ಲೀಸ್ಟರ್‌ನಿಂದ ಲಫ್‌ಬರೋಗೆ ರೈಲಿನಲ್ಲಿ ಕರೆದೊಯ್ದದ್ದನ್ನು ಇದರ ಆರಂಭ ಎನ್ನುತ್ತಾರೆ. ಆದರೆ ದುಡಿಯುವ ಜನ ವಾರಗಟ್ಟಲೆ ಊರು ಬಿಡಲು ಮೊದಲು ರಜೆ ಬೇಕಲ್ಲ? ಬ್ರಿಟನ್ನಿನಲ್ಲಿ ಸಂಬಳಸಹಿತ ರಜೆಯ ಕಾಯ್ದೆ ಬಂದದ್ದು 1938ರಲ್ಲಿ. ಯುದ್ಧ ಮುಗಿದ ಮೇಲೆ, 1950ರಲ್ಲಿ, ವ್ಲಾದಿಮಿರ್ ರೈಟ್ಸ್ ಎಂಬಾತ ವಿಮಾನ, ವಸತಿ, ಊಟ ಎಲ್ಲ ಸೇರಿಸಿ 32 ಪೌಂಡ್ 10 ಶಿಲ್ಲಿಂಗ್‌ಗೆ ಕಾರ್ಸಿಕಾ ದ್ವೀಪಕ್ಕೆ ಜನರನ್ನು ಒಯ್ದ. ಅವನ ಮೊದಲ ಗಿರಾಕಿಗಳು ಶಿಕ್ಷಕರು, ವಿದ್ಯಾರ್ಥಿಗಳು, ಮಲಗಿದ್ದು ಟೆಂಟಿನಲ್ಲಿ. ಇಂದು ಗ್ರೀಸ್‌ನ ಕಾರ್ಫು, ರೋಡ್ಸ್, ಕ್ರೀಟ್ ದ್ವೀಪಗಳಿಗೆ ಯುರೋಪಿನ ಸಾಮಾನ್ಯ ನೌಕರರು ಪ್ಯಾಕೇಜ್‌ನಲ್ಲಿ ಹೋಗಿಬರುವುದು ಆ ದಾರಿಯಲ್ಲೇ.

ನಾವು ಕಾಲೇಜಿನಲ್ಲಿ ಪ್ಯಾಕೇಜ್ ಟೂರ್ ಅಂದರೆ ಮೂಗು ಮುರಿಯುತ್ತೇವೆ. ‘ಅಂಕಲ್-ಆಂಟಿಗಳ ಟೂರ್’ ಎನ್ನುತ್ತೇವೆ. ಬ್ಯಾಗ್ ಹೆಗಲಿಗೇರಿಸಿ ಗೊತ್ತಿಲ್ಲದ ಊರಲ್ಲಿ ಅಲೆಯುವುದೇ ನಮಗೆ ಪ್ರವಾಸ. ಆದರೆ ಆ ಅಲೆದಾಟಕ್ಕೂ ಒಂದು ಧೈರ್ಯ ಬೇಕು. ದಾರಿ ತಪ್ಪಿದರೆ ಹಿಂದಿಯಲ್ಲೋ ಇಂಗ್ಲಿಷಿನಲ್ಲೋ ಕೇಳುವ ಧೈರ್ಯ, ರೂಮು ಚೆನ್ನಾಗಿಲ್ಲದಿದ್ದರೆ ಬದಲಿಸುವ ಧೈರ್ಯ. ಮೊದಲ ಸಲ ವಿಮಾನ ಹತ್ತುವ ಐವತ್ತರ ಆಸುಪಾಸಿನ ದಂಪತಿಗೆ, ಹೊರಗೆ ತಮ್ಮ ಹೆಸರಿನ ಬೋರ್ಡ್ ಹಿಡಿದು ಒಬ್ಬ ನಿಂತಿರುತ್ತಾನೆ ಎಂಬುದೇ ಅರ್ಧ ಧೈರ್ಯ. ಗಾಡಿ ಓಡಿಸುವವರು ಬೇರೆ, ಅಡುಗೆ ಮಾಡುವವರು ಬೇರೆ. ಡ್ರೈವರ್ ಅಪ್ಪನಿಗೂ ಅಡುಗೆಯ ಅಮ್ಮನಿಗೂ ಇದಕ್ಕಿಂತ ದೊಡ್ಡ ರಜೆ ಯಾವುದು?

ಜನವರಿಯಲ್ಲಿ ಇಬ್ಬರೂ ಹೊರಟರು. ಅಮ್ಮನ ತವರು ತಿಪಟೂರಿನ ಕಡೆ, ಹಾಗಾಗಿ ಬ್ಯಾಗಿನಲ್ಲಿ ಕೊಬ್ಬರಿ ಗಿಟುಕು ಇರಲೇಬೇಕು. ಒಣ ಕೊಬ್ಬರಿಯಲ್ಲಿ ಎಣ್ಣೆ ಹೆಚ್ಚು, ಬೇಗ ಬೆಂಕಿ ಹಿಡಿಯುತ್ತದೆ, ವಿಮಾನದಲ್ಲಿ ಬಿಡುವುದಿಲ್ಲ ಎಂದು ಹೇಳಿ ತೆಗೆಸಿದೆ. ಏರ್‌ಪೋರ್ಟ್‌ಗೆ ಬಿಟ್ಟದ್ದು ಅಪ್ಪನ ಸ್ನೇಹಿತನ ಕ್ಯಾಬು. ಲಗೇಜು ಇಳಿಸಿ ಆತ ‘ಹ್ಯಾಪಿ ಜರ್ನಿ ಸರ್’ ಎಂದಾಗ ಅಪ್ಪನಿಗೆ ನಗು ತಡೆಯಲಾಗಲಿಲ್ಲವಂತೆ.

ಪೋರ್ಟ್ ಬ್ಲೇರ್‌ಗೆ 2024ರಿಂದ ಶ್ರೀ ವಿಜಯಪುರಂ ಎಂಬ ಹೆಸರು. ಮೊದಲ ದಿನವೇ ಸೆಲ್ಯುಲರ್ ಜೈಲು. 1906ರಲ್ಲಿ ಕಟ್ಟಿ ಮುಗಿಸಿದ ಈ ಜೈಲಿನ ಏಳು ವಿಭಾಗಗಳಲ್ಲಿ ಈಗ ಉಳಿದಿರುವುದು ಮೂರು. ಕೈದಿಗಳನ್ನು ಗಾಣಕ್ಕೆ ಕಟ್ಟಿ, ದಿನಕ್ಕೆ 30 ಪೌಂಡ್, ಅಂದರೆ ಸುಮಾರು ಹದಿಮೂರೂವರೆ ಕೆ.ಜಿ. ಕೊಬ್ಬರಿ ಎಣ್ಣೆ ತೆಗೆಸುತ್ತಿದ್ದರು ಎಂದು ಗೈಡ್ ವಿವರಿಸಿದ. ಅಮ್ಮ ಕೇಳಿದ್ದು ಒಂದೇ ಪ್ರಶ್ನೆ: ‘ಟಾರ್ಗೆಟ್ ಮುಗೀದಿದ್ರೆ?’ ಹೊಡೆತ ಬೀಳುತ್ತಿತ್ತು ಎಂಬ ಉತ್ತರ ಕೇಳಿ ಅವಳು ಆ ಗಾಣದ ಮುಂದೆ ತುಂಬಾ ಹೊತ್ತು ನಿಂತಿದ್ದಳಂತೆ. ಸ್ವಾತಂತ್ರ್ಯ ಹೋರಾಟದ ಪಾಠವನ್ನು ನಾನು ಪರೀಕ್ಷೆಗೆ ಓದಿದ್ದೆ. ಅಮ್ಮ ಅದನ್ನು ಟಾರ್ಗೆಟ್ ಎಂಬ ಒಂದು ಪದದಲ್ಲಿ ಅರ್ಥ ಮಾಡಿಕೊಂಡಳು.

ಮೂರನೇ ದಿನ ಹಡಗಿನಲ್ಲಿ ಸ್ವರಾಜ್ ದ್ವೀಪ, ಅಂದರೆ ಹಳೆಯ ಹ್ಯಾವ್‌ಲಾಕ್. ಅಲ್ಲಿಯ ರಾಧಾನಗರ ಬೀಚ್‌ನಿಂದ ಸಂಜೆ ವಿಡಿಯೊ ಕಾಲ್ ಬಂತು. ‘ಐದೂಕಾಲಿಗೆಲ್ಲ ಸೂರ್ಯ ಮುಳುಗಿಬಿಟ್ಟ ಕಣೋ, ಇಲ್ಲಿ ಎಲ್ಲಾ ಬೇಗ’ ಎಂದಳು ಅಮ್ಮ. ಬೊಮ್ಮನಹಳ್ಳಿಯಲ್ಲಿ ಆಗ ಇನ್ನೂ ಬಿಸಿಲು. ಅಂಡಮಾನ್ ನಮಗಿಂತ ಸುಮಾರು 15 ಡಿಗ್ರಿ ಪೂರ್ವದಲ್ಲಿದೆ, ಅಂದರೆ ಸೂರ್ಯನ ಲೆಕ್ಕದಲ್ಲಿ ಒಂದು ಗಂಟೆ ಮುಂದೆ. ಗಡಿಯಾರ ಮಾತ್ರ ದೇಶಕ್ಕೆಲ್ಲ ಒಂದೇ. ಅಷ್ಟು ದೂರದಿಂದ ಅವಳ ಮುಖ ಸ್ಪಷ್ಟವಾಗಿ ಕಂಡದ್ದೂ 2020ರಲ್ಲಿ ಚೆನ್ನೈನಿಂದ ಸಮುದ್ರದಡಿ ಎಳೆದ ಸುಮಾರು 2,300 ಕಿ.ಮೀ. ಕೇಬಲ್‌ನಿಂದ. ನನ್ನ ವಿವರಣೆ ಮುಗಿಯುವುದರೊಳಗೆ ಅಮ್ಮ ಫೋನನ್ನು ಸಮುದ್ರದ ಕಡೆ ತಿರುಗಿಸಿ ಆಗಿತ್ತು.

ಎಲ್ಲವೂ ಚೆನ್ನಾಗಿತ್ತು ಎಂದರೆ ಸುಳ್ಳಾಗುತ್ತದೆ. ಹಡಗಿನಲ್ಲಿ ಅಮ್ಮ ವಾಂತಿ ಮಾಡಿಕೊಂಡಳು. ಊಟದಲ್ಲಿ ಮುದ್ದೆ-ಸಾರು ಇಲ್ಲದೆ ಅಪ್ಪ ಸೊರಗಿದರು. ದಿನಾ ‘ಎಂಟಕ್ಕೆ ರೆಡಿ’, ‘ಇಲ್ಲಿ ಇಪ್ಪತ್ತೇ ನಿಮಿಷ’ ಎಂಬ ಕೂಗು. ‘ನಮ್ ಫ್ಯಾಕ್ಟರಿ ಬೆಲ್ ಇದಕ್ಕಿಂತ ವಾಸಿ’ ಎಂದಳು ಅಮ್ಮ. ನಾಲ್ಕನೇ ದಿನ ಶಹೀದ್ ದ್ವೀಪದಲ್ಲಿ, ಅಂದರೆ ನೀಲ್ ದ್ವೀಪದಲ್ಲಿ, ಉಳಿದವರೆಲ್ಲ ದುಡ್ಡು ಕೊಟ್ಟು ಗಾಜಿನ ತಳದ ದೋಣಿ ಹತ್ತಿದಾಗ ಇವರಿಬ್ಬರೂ ದಡದಲ್ಲೇ ಕೂತರು. ಎರಡು ಗಂಟೆ. ಏನು ಮಾತಾಡಿದಿರಿ ಎಂದು ಅಕ್ಕ ಕೇಳಿದರೆ ಅಪ್ಪ ಹೇಳಿದ್ದು, ‘ಏನೂ ಇಲ್ಲ, ಸುಮ್ನೆ ಕೂತಿದ್ವಿ.’ ಇಡೀ ಟೂರ್‌ನಲ್ಲಿ ಅವರಿಗೆ ಬಹಳ ಇಷ್ಟವಾದದ್ದು ಅದೇ. ಹೊಸದಾಗಿ ಮದುವೆಯಾದ ಜೋಡಿಯೊಂದು ಅವರಿಗೆ ಗೊತ್ತಾಗದಂತೆ ತೆಗೆದ ಫೋಟೊ ನಮ್ಮ ಬಳಿ ಇದೆ. ಇಬ್ಬರ ಬೆನ್ನು, ಮುಂದೆ ನೀರು, ನಡುವೆ ಒಂದು ಎಳನೀರು.

ನೀವೂ ಮನೆಯವರನ್ನು ಕಳಿಸುವುದಾದರೆ ಕೆಲವು ವಿಷಯ ಮೊದಲೇ ಕೇಳಿಕೊಳ್ಳಿ. ಹೇಳಿದ ದರದಲ್ಲಿ ಜಿಎಸ್‌ಟಿ ಸೇರಿದೆಯೇ, ದ್ವೀಪದಿಂದ ದ್ವೀಪಕ್ಕೆ ಹೋಗುವ ಹಡಗಿನ ಟಿಕೆಟ್ ಸೇರಿದೆಯೇ? ಮೂರು ಹೊತ್ತಿನ ಊಟವೋ, ಬೆಳಗಿನ ತಿಂಡಿ ಮಾತ್ರವೋ? ಹವಾಮಾನ ಕೆಟ್ಟು ಹಡಗು ರದ್ದಾದರೆ ಹೆಚ್ಚುವರಿ ರಾತ್ರಿಯ ಖರ್ಚು ಯಾರದು? ಉತ್ತರಗಳನ್ನು ಬಾಯಿಮಾತಿನಲ್ಲಿ ಬಿಡದೆ ಬರಹದಲ್ಲಿ ಪಡೆಯಿರಿ. ಹವಳದ ಚೂರು ಎಷ್ಟೇ ಚೆಂದ ಕಂಡರೂ ತರಬೇಡಿ ಎಂದು ಹೇಳಿ ಕಳಿಸಿ, ಅದು ವನ್ಯಜೀವಿ ಕಾಯ್ದೆಯ ಪ್ರಕಾರ ಅಪರಾಧ. ಎಲ್ಲಕ್ಕಿಂತ ಮುಖ್ಯವಾಗಿ, ಏನೂ ನೋಡುವುದಿಲ್ಲದ ಒಂದು ಅರ್ಧ ದಿನ ಆ ಪಟ್ಟಿಯಲ್ಲಿ ಇದೆಯೇ ನೋಡಿ.

ಲೆಕ್ಕ ಹಾಕಿದರೆ ನಷ್ಟವೂ ಆಗಿದೆ. ಅಪ್ಪನ ಆರು ದಿನದ ದುಡಿಮೆ ಹೋಯಿತು, ಆ ತಿಂಗಳ ಇಎಂಐಗೆ ಚೀಟಿಯಲ್ಲಿ ಉಳಿದ ದುಡ್ಡು ಹಾಕಬೇಕಾಯಿತು. ಈ ವರ್ಷ ಇಎಲ್ ದುಡ್ಡು ಕಡಿಮೆ ಬರುತ್ತದೆ ಎಂದು ಅಮ್ಮ ಈಗಲೇ ಎಚ್ಚರಿಸಿದ್ದಾಳೆ. ಆದರೆ ಅವಳು ಕೆಲಸಕ್ಕೆ ವಾಪಸ್ ಹೋದ ವಾರ ಊಟದ ಹೊತ್ತಿನಲ್ಲಿ ಲೈನಿನವರೆಲ್ಲ ಫೋನಿನಲ್ಲಿ ಫೋಟೊ ನೋಡಿದರಂತೆ. ಅದರಲ್ಲಿ ಇಬ್ಬರು ಆಫೀಸಿಗೆ ಹೋಗಿ, ‘ನಂದು ಎಷ್ಟು ಇಎಲ್ ಇದೆ?’ ಎಂದು ವಿಚಾರಿಸಿ ಬಂದಿದ್ದಾರೆ. ಒಬ್ಬರಿಗೆ ಮಗಳ ಬಾಣಂತನಕ್ಕೆ ಬೇಕು. ಇನ್ನೊಬ್ಬರು ಕಾರಣ ಹೇಳಲಿಲ್ಲವಂತೆ.

ಮುಂದಿನ ವರ್ಷ ನಾನೂ ಕ್ಯಾಂಪಸ್ ಇಂಟರ್‌ವ್ಯೂಗೆ ಕೂರುತ್ತೇನೆ. ನಿಮ್ಮಲ್ಲಿ ಎಷ್ಟೋ ಮಂದಿ ಈಗಾಗಲೇ ಕೂರುತ್ತಿದ್ದೀರಿ. ಕೊನೆಯಲ್ಲಿ ಎಚ್‌ಆರ್ ‘ಏನಾದರೂ ಕೇಳುವುದಿದೆಯೇ?’ ಎನ್ನುತ್ತಾರೆ. ನಾವು ಪ್ಯಾಕೇಜ್ ಎಷ್ಟು ಲಕ್ಷ ಎಂದು ಮಾತ್ರ ತಿಳಿದುಕೊಂಡು ಎದ್ದು ಬರುತ್ತೇವೆ. ವರ್ಷಕ್ಕೆ ಎಷ್ಟು ದಿನ ರಜೆ, ಅದನ್ನು ನಿಜಕ್ಕೂ ತೆಗೆದುಕೊಳ್ಳಲು ಬಿಡುತ್ತೀರಾ ಎಂದೂ ಕೇಳೋಣ. ಮತ್ತೆ ಇವತ್ತು ಮನೆಗೆ ಹೋದಾಗ ಅಪ್ಪನನ್ನೋ ಅಮ್ಮನನ್ನೋ ಕೇಳಿ ನೋಡಿ, ಅವರು ಕೊನೆಯ ಸಲ ಯಾರ ಕಾಯಿಲೆಯೂ ಇಲ್ಲದೆ, ಯಾರ ಮದುವೆಯೂ ಇಲ್ಲದೆ ರಜೆ ಹಾಕಿದ್ದು ಯಾವಾಗ ಎಂದು.