ತೊಟ್ಟಿಯೊಳಗಿನ ಕಡಲು

ತಿಪಟೂರು ತಾಲ್ಲೂಕಿನ ಅರಳಗುಪ್ಪೆಯಲ್ಲಿ 9ನೆಯ ಶತಮಾನದ ಕಲ್ಲೇಶ್ವರ ದೇವಾಲಯವಿದೆ. ಅದರ ಒಳಮಾಳಿಗೆಯ ಶಿಲ್ಪದಲ್ಲಿ ನರ್ತಿಸುವ ಶಿವನ ಸುತ್ತಲೂ ಅಷ್ಟದಿಕ್ಪಾಲಕರು ನೆರೆದಿದ್ದಾರೆ. ಅವರಲ್ಲಿ ಜಲಾಧಿಪತಿಯಾದ ವರುಣನೂ ಒಬ್ಬ. ತೆಂಗಿನ ತೋಟಗಳ ಈ ಸೀಮೆಗೆ ಕಡಲು ಬಹುದೂರ. ಆದರೂ ಸಾಗರ ಇಂಜಿನಿಯರಿಂಗಿನ ಮೊದಲ ಪಾಠ ಇಲ್ಲಿನ ವಿದ್ಯಾರ್ಥಿಗೆ ಕೆರೆಯ ದಂಡೆಯಲ್ಲೇ ದೊರೆಯಬಲ್ಲದು. ಏರಿಯ ಒಳಮೈಗೆ ಕಲ್ಲು ಹಾಸಿರುವುದನ್ನು ನಾವೆಲ್ಲರೂ ಕಂಡಿದ್ದೇವೆ. ಗಾಳಿ ಎಬ್ಬಿಸಿದ ಅಲೆ ಮಣ್ಣನ್ನು ಕೊರೆಯದಿರಲೆಂದು ಮಾಡಿದ ಏರ್ಪಾಡು ಅದು. ಬಂದರನ್ನು ಕಾಯಲು ಕಡಲಿಗೆ ಚಾಚಿದ ಅಲೆತಡೆ ಗೋಡೆಯ ಮೇಲ್ಹೊದಿಕೆಯೂ ಇಂಥದೇ. ಆದರೆ ಅಲ್ಲಿಗೆ ಎಷ್ಟು ತೂಕದ ಕಲ್ಲು ಬೇಕು?

ಅಲೆಯ ಎತ್ತರ ಎರಡರಷ್ಟಾದರೆ ಕಲ್ಲಿನ ತೂಕವೂ ಎರಡರಷ್ಟಾದರೆ ಸಾಕೆಂದು ತೋರಬಹುದು. ಸಾಲದು, ಎಂಟರಷ್ಟಾಗಬೇಕು. ಬೇಕಾದ ತೂಕವು ಅಲೆಯ ಎತ್ತರದ ಘನಕ್ಕೆ ಅನುಗುಣವಾಗಿ ಏರುತ್ತದೆ ಎಂಬುದು ಹಡ್ಸನ್ನನ ಸೂತ್ರದ ಸಾರ. ಗೋಡೆಯ ಇಳಿಜಾರು, ಕಲ್ಲಿನ ಸಾಂದ್ರತೆ, ಜೋಡಣೆಯ ಬಗೆ ಇವೂ ಲೆಕ್ಕಕ್ಕೆ ಬರುತ್ತವೆ. ಲೆಕ್ಕವನ್ನು ಒರೆಗೆ ಹಚ್ಚಲು ಮಾದರಿ ಬೇಕು.

1960ರಲ್ಲಿ ಕರ್ನಾಟಕ ಪ್ರಾದೇಶಿಕ ಇಂಜಿನಿಯರಿಂಗ್ ಕಾಲೇಜಾಗಿ ಆರಂಭವಾದ ಸುರತ್ಕಲ್ಲಿನ ರಾಷ್ಟ್ರೀಯ ತಾಂತ್ರಿಕ ವಿದ್ಯಾಸಂಸ್ಥೆಯಲ್ಲಿ ಇದಕ್ಕಾಗಿಯೇ 50 ಮೀಟರು ಉದ್ದದ ಅಲೆತೊಟ್ಟಿಯಿದೆ. ಅದರ ಅಗಲ 0.71 ಮೀಟರು, ಆಳ 1.1 ಮೀಟರು. ಒಂದು ತುದಿಯಲ್ಲಿ, ತಳದಲ್ಲಿ ಕೀಲುಳ್ಳ ಹಲಗೆಯು ಹಿಂದಕ್ಕೂ ಮುಂದಕ್ಕೂ ತೂಗಿ ಅಲೆಗಳನ್ನೆಬ್ಬಿಸುತ್ತದೆ. ಇಂಥ ತೊಟ್ಟಿಯಲ್ಲಿ ವಿದ್ಯಾರ್ಥಿಯು ವ್ಯಾಸಂಗದ ಕೊನೆಯ ಘಟ್ಟದಲ್ಲಿ ತಾನೇ ವಿನ್ಯಾಸಗೊಳಿಸಿದ ಗೋಡೆಯ ಮಾದರಿಯನ್ನು ಕಟ್ಟುತ್ತಾನೆ. ಅಲೆಗಳಿಗೊಡ್ಡಿ, ಕದಲಿದ ಕಲ್ಲುಗಳನ್ನು ಎಣಿಸುತ್ತಾನೆ. ಇಳಿಜಾರನ್ನು ತಿದ್ದಿ ಮತ್ತೆ ಕಟ್ಟುತ್ತಾನೆ. ಪುಸ್ತಕದಲ್ಲಿ ಬಿಡಿಬಿಡಿಯಾಗಿ ಕಲಿತುದೆಲ್ಲ ಇಲ್ಲಿ ಒಂದುಗೂಡಬೇಕು.

ಮಾದರಿಯ ಅಳತೆ ಮೂವತ್ತರಲ್ಲೊಂದು ಪಾಲು ಎಂದುಕೊಳ್ಳೋಣ. 3 ಮೀಟರಿನ ಅಲೆ ತೊಟ್ಟಿಯಲ್ಲಿ 10 ಸೆಂಟಿಮೀಟರಾಗುತ್ತದೆ. ಕಾಲವು ಮೂವತ್ತರ ವರ್ಗಮೂಲದಷ್ಟು ಕುಗ್ಗಿ, 8 ಸೆಕೆಂಡಿಗೊಮ್ಮೆ ಬರುವ ಅಲೆ ಸುಮಾರು ಒಂದೂವರೆ ಸೆಕೆಂಡಿಗೊಮ್ಮೆ ಬರುತ್ತದೆ. ತೂಕವಾದರೋ 27,000 ಪಟ್ಟು ಇಳಿದು, 5.4 ಟನ್ನಿನ ಬಂಡೆ 200 ಗ್ರಾಮಿನ ಕಲ್ಲಾಗುತ್ತದೆ: ನಮ್ಮ ತಿಪಟೂರಿನ ದೊಡ್ಡದೊಂದು ಉಂಡೆ ಕೊಬ್ಬರಿಯ ತೂಕ!

ಹಾಗಾದರೆ ಮಾದರಿ ಗೆದ್ದರೆ ಗೋಡೆಯೂ ಗೆದ್ದಂತೆಯೇ? ಅಲ್ಲವೆಂಬುದನ್ನು ಪೋರ್ಚುಗಲ್ಲಿನ ಸಿನೆಸ್ ಬಂದರು ಜಗತ್ತಿಗೆ ಕಲಿಸಿತು. ಅಲ್ಲಿನ ಅಲೆತಡೆ ಗೋಡೆಗೆ 42 ಟನ್ ತೂಕದ, ಉಕ್ಕಿನ ಸರಳುಗಳಿಲ್ಲದ ಕಾಂಕ್ರೀಟ್ ಡೋಲೋಸುಗಳನ್ನು ಹೊದಿಸಿದ್ದರು. 1978ರ ಫೆಬ್ರುವರಿಯ ಬಿರುಗಾಳಿಯಲ್ಲಿ ಆ ಹೊದಿಕೆಯ ಬಹುಭಾಗ ಹಾಳಾಯಿತು. ಕಾರಣಗಳು ಹಲವು, ಡೋಲೋಸುಗಳೇ ಮುರಿದುದು ಅವುಗಳಲ್ಲಿ ಮುಖ್ಯವಾದುದು. ಮಾದರಿಯಲ್ಲಿ ಅವೇಕೆ ಮುರಿಯಲಿಲ್ಲ? ಮೂವತ್ತರ ಮಾದರಿಯಲ್ಲಿ ತೂಕ 27,000 ಪಟ್ಟು ಇಳಿದರೂ ಅದನ್ನು ತಾಳುವ ಅಡ್ಡಕೊಯ್ತದ ವಿಸ್ತೀರ್ಣ ಇಳಿಯುವುದು 900 ಪಟ್ಟು ಮಾತ್ರ. ಆದುದರಿಂದ ಒಳಗಿನ ಒತ್ತಡ ಮೂವತ್ತರಲ್ಲೊಂದು ಪಾಲಾಗುತ್ತದೆ. ವಸ್ತುವಿನ ಗಟ್ಟಿತನವಾದರೋ ಕುಗ್ಗುವುದಿಲ್ಲ. ಕಿರಿಯ ಡೋಲೋಸು ತನ್ನ ಅಳತೆಗೆ ಮೀರಿದ ಬಲಶಾಲಿ!

ಆದುದರಿಂದ ಒಳ್ಳೆಯ ವಿದ್ಯಾರ್ಥಿ ತನ್ನ ವರದಿಯಲ್ಲಿ ಮಾದರಿ ಹೇಳಿದ್ದನ್ನು ಮಾತ್ರವಲ್ಲ, ಅದು ಹೇಳಲಾರದ್ದನ್ನೂ ಬರೆಯುತ್ತಾನೆ. ಗೋಡೆಯ ಮರೆಯಲ್ಲಿ ದೋಣಿ ನಿಲ್ಲಿಸುವ ಬೆಸ್ತರ ಪಾಲಿಗೆ ಆ ಒಂದು ಪುಟ ಬಲು ಬೆಲೆಯುಳ್ಳದ್ದು. ಮುಂದಿನ ಸಲ ಕೆರೆಯ ಏರಿಯ ಮೇಲೆ ನಿಂತಾಗ, ಯಾವ ಕಲ್ಲು ಜಾರಿದೆ, ಏಕೆ ಜಾರಿದೆ ಎಂದು ನೋಡೋಣ. ಕಡಲಿನ ವಿದ್ಯೆ ಅಲ್ಲಿಂದಲೇ ಮೊದಲಾಗಲಿ.