ಸಂಶೋಧನಾ ಲೇಖನ ಪ್ರಕಟಿಸಲು ಹಣ ಕಟ್ಟಲೇಬೇಕೇ? ಜರ್ನಲ್‌ಗಳಿಂದ ಲೇಖಕರಿಗೆ ಸಿಗುವ ಸೌಲಭ್ಯಗಳೇನು? ಇಲ್ಲಿದೆ ಮಾಹಿತಿ

'ನಿಮ್ಮ ಲೇಖನ ಆಯ್ಕೆಯಾಗಿದೆ, 48 ಗಂಟೆಯೊಳಗೆ ಶುಲ್ಕ ಪಾವತಿಸಿ' ಎಂಬಂಥ ಇ-ಮೇಲ್ ಪಿಎಚ್‌ಡಿ ವಿದ್ಯಾರ್ಥಿಗಳಿಗೂ ಕಾಲೇಜು ಅಧ್ಯಾಪಕರಿಗೂ ಹೊಸದೇನಲ್ಲ. ಬಡ್ತಿಗೆ ಅಂಕ ಬೇಕು, ಮಹಾಪ್ರಬಂಧ ಸಲ್ಲಿಸುವ ದಿನ ಹತ್ತಿರ ಬಂದಿದೆ ಎಂಬ ಅವಸರದಲ್ಲಿ ಹಲವರು ಹಣ ಕಟ್ಟಿಯೂ ಬಿಡುತ್ತಾರೆ. ಆದರೆ ಒಳ್ಳೆಯ ಜರ್ನಲ್‌ಗಳು ಲೇಖಕರಿಗೆ ನೀಡುವ ಹೆಚ್ಚಿನ ಸೇವೆಗಳು ಉಚಿತ. ಯಾವುದಕ್ಕೆ ಹಣ ಕೊಡಬೇಕು, ಯಾವುದಕ್ಕೆ ಕೊಡಬೇಕಿಲ್ಲ ಎಂಬುದು ತಿಳಿದಿದ್ದರೆ ಹಣವೂ ಉಳಿಯುತ್ತದೆ, ಹೆಸರೂ ಉಳಿಯುತ್ತದೆ.

ಉಚಿತವಾಗಿ ಸಿಗುವ ಸೇವೆಗಳು

ಮೊದಲನೆಯದು ತಜ್ಞರ ಪರಿಶೀಲನೆ. ಲೇಖನವನ್ನು ಅದೇ ವಿಷಯ ಬಲ್ಲವರು ಓದಿ, ತಪ್ಪುಗಳನ್ನು ಗುರುತಿಸಿ, ಲಿಖಿತ ಅಭಿಪ್ರಾಯ ಕಳುಹಿಸುತ್ತಾರೆ. ಸಾಮಾನ್ಯವಾಗಿ ಈ ಕೆಲಸಕ್ಕೆ ಅವರು ಸಂಭಾವನೆ ಪಡೆಯುವುದಿಲ್ಲ. ಲೇಖನ ತಿರಸ್ಕೃತವಾದರೂ ಈ ಟಿಪ್ಪಣಿಗಳು ಲೇಖಕರ ಕೈ ಸೇರುತ್ತವೆ. ಯುವ ಸಂಶೋಧಕರಿಗೆ ಇದೇ ದೊಡ್ಡ ಲಾಭ.

ಎರಡನೆಯದು ಡಿಒಐ ಸಂಖ್ಯೆ. ಇದು ಲೇಖನದ ಶಾಶ್ವತ ವಿಳಾಸವಿದ್ದಂತೆ. ಜರ್ನಲ್‌ನ ವೆಬ್‌ಸೈಟ್ ಬದಲಾದರೂ ಪ್ರಕಾಶಕರು ಹೊಸ ವಿಳಾಸ ದಾಖಲಿಸಿದರೆ ಸಾಕು, ಅದೇ ಸಂಖ್ಯೆಯಿಂದ ಲೇಖನ ಸಿಗುತ್ತದೆ. ಇದರ ಜೊತೆಗೆ ಪುಟ ವಿನ್ಯಾಸ, ಪ್ರಕಟಣೆಗೆ ಮುನ್ನ ತಿದ್ದಲು ಕರಡಚ್ಚು, ಪ್ರಕಟವಾದ ಮೇಲೆ ಪಿಡಿಎಫ್ ಪ್ರತಿ ಸಿಗುತ್ತವೆ. ಕೆಲವು ದೊಡ್ಡ ಪ್ರಕಾಶಕರು ಚಂದಾ ಇಲ್ಲದವರೂ ಓದುವಂತೆ ಹಂಚಿಕೊಳ್ಳುವ ಲಿಂಕ್ ಕೊಡುತ್ತಾರೆ. ಎಲ್ಸೆವಿಯರ್ ಸಂಸ್ಥೆ ಕೊಡುವ ಇಂಥ ಲಿಂಕ್ 50 ದಿನ ಚಾಲ್ತಿಯಲ್ಲಿರುತ್ತದೆ.

ಲೇಖಕರು ತಾವೇ ಪಡೆದುಕೊಳ್ಳಬೇಕಾದ ಇನ್ನೊಂದು ಸೌಲಭ್ಯ ಆರ್ಕಿಡ್ ಸಂಖ್ಯೆ. 2012ರಲ್ಲಿ ಆರಂಭವಾದ ಈ 16 ಅಂಕಿಯ ಗುರುತು ಸಂಖ್ಯೆ ಸಂಪೂರ್ಣ ಉಚಿತ. ಒಂದೇ ಹೆಸರಿನ ಹತ್ತಾರು ಮಂಜುನಾಥ, ಲಕ್ಷ್ಮಿ, ಪಾಟೀಲರಿರುವ ನಾಡಿನಲ್ಲಿ ಯಾರ ಲೇಖನ ಯಾರದು ಎಂದು ಗುರುತಿಸಲು ಇದು ನೆರವಾಗುತ್ತದೆ. ಕೆಲಸ ಬೆಂಗಳೂರಿನಿಂದ ಪುಣೆಗೆ ಬದಲಾದರೂ ಸಂಖ್ಯೆ ಬದಲಾಗುವುದಿಲ್ಲ.

ಹಾಗಾದರೆ ಶುಲ್ಕ ಯಾವುದಕ್ಕೆ?

ಹಳೆಯ ಪದ್ಧತಿಯಲ್ಲಿ ಓದುಗರು ಅಥವಾ ಗ್ರಂಥಾಲಯಗಳು ಚಂದಾ ಕಟ್ಟುತ್ತವೆ, ಲೇಖಕರಿಗೆ ಪ್ರಕಟಣೆ ಉಚಿತ. ಮುಕ್ತ ಪ್ರವೇಶ ಅಂದರೆ ಓಪನ್ ಆ್ಯಕ್ಸೆಸ್ ಪದ್ಧತಿಯಲ್ಲಿ ಓದುಗರಿಗೆ ಉಚಿತ. ಇಲ್ಲಿ ಅನೇಕ ಜರ್ನಲ್‌ಗಳು ಲೇಖಕರಿಂದ ಎಪಿಸಿ ಎಂಬ ಶುಲ್ಕ ಪಡೆಯುತ್ತವೆ. ಪ್ರಸಿದ್ಧ 'ನೇಚರ್' ಪತ್ರಿಕೆ 2020ರಲ್ಲಿ ಪ್ರಕಟಿಸಿದ ಶುಲ್ಕ 9,500 ಯೂರೊ, ಅಂದರೆ 8 ಲಕ್ಷ ರೂಪಾಯಿಗೂ ಹೆಚ್ಚು. ಯುಜಿಸಿಯ ಜೆಆರ್‌ಎಫ್ ಫೆಲೋಶಿಪ್ 2023ರ ಜನವರಿಯಿಂದ ತಿಂಗಳಿಗೆ 37,000 ರೂಪಾಯಿ. ಒಂದು ಲೇಖನದ ಶುಲ್ಕಕ್ಕೆ 20 ತಿಂಗಳ ಫೆಲೋಶಿಪ್ ಹಣವೂ ಸಾಲದು!

ಅನೇಕ ಪ್ರಕಾಶಕರು ಕಡಿಮೆ ಆದಾಯದ ದೇಶಗಳ ಲೇಖಕರಿಗೆ ಪೂರ್ಣ ವಿನಾಯಿತಿ ಕೊಡುತ್ತಾರೆ. ಭಾರತ ವಿಶ್ವ ಬ್ಯಾಂಕ್‌ನ ಆ ಪಟ್ಟಿಯಲ್ಲಿಲ್ಲ. ಹೀಗಾಗಿ ವಿನಾಯಿತಿ ತಾನಾಗಿ ಸಿಗುವುದಿಲ್ಲ. ಲೇಖನ ಸಲ್ಲಿಸುವಾಗಲೇ ಸಂಪಾದಕರಿಗೆ ಪತ್ರ ಬರೆದು ರಿಯಾಯಿತಿ ಕೇಳಬೇಕು. ಅಂಗೀಕಾರವಾದ ಮೇಲೆ ಕೇಳಿದರೆ ಹಲವು ಜರ್ನಲ್‌ಗಳು ಪರಿಗಣಿಸುವುದಿಲ್ಲ.

ಲೇಖಕರೂ ಕಟ್ಟಬೇಕಿಲ್ಲದ, ಓದುಗರೂ ಕಟ್ಟಬೇಕಿಲ್ಲದ ಜರ್ನಲ್‌ಗಳೂ ಇವೆ. ಇವಕ್ಕೆ 'ಡೈಮಂಡ್' ಮಾದರಿ ಎನ್ನುತ್ತಾರೆ. 2003ರಲ್ಲಿ ಸ್ವೀಡನ್ನಿನ ಲುಂಡ್ ವಿಶ್ವವಿದ್ಯಾಲಯದಲ್ಲಿ ಆರಂಭವಾದ ಡಿಒಎಜೆ ಎಂಬ ಸೂಚಿಯಲ್ಲಿ ಶುಲ್ಕವಿಲ್ಲದ ಮುಕ್ತ ಜರ್ನಲ್‌ಗಳನ್ನು ಪ್ರತ್ಯೇಕವಾಗಿ ಹುಡುಕಬಹುದು.

ಸರ್ಕಾರದ ನೆರವು ಏನಿದೆ?

'ಒಂದು ರಾಷ್ಟ್ರ, ಒಂದು ಚಂದಾ' ಯೋಜನೆಗೆ ಕೇಂದ್ರ ಸಚಿವ ಸಂಪುಟ 2024ರ ನವೆಂಬರ್ 25ರಂದು ಒಪ್ಪಿಗೆ ನೀಡಿತು. 2025ರಿಂದ 2027ರವರೆಗಿನ ಮೂರು ವರ್ಷಕ್ಕೆ 6,000 ಕೋಟಿ ರೂಪಾಯಿ ತೆಗೆದಿರಿಸಲಾಗಿದೆ. 30 ಅಂತಾರಾಷ್ಟ್ರೀಯ ಪ್ರಕಾಶಕರ ಸುಮಾರು 13,000 ಇ-ಜರ್ನಲ್‌ಗಳು 6,300ಕ್ಕೂ ಹೆಚ್ಚು ಸರ್ಕಾರಿ ಸಂಸ್ಥೆಗಳಿಗೆ ಸಿಗುವಂತೆ ಇದನ್ನು ರೂಪಿಸಲಾಗಿದೆ. ಗಾಂಧಿನಗರದ ಇನ್‌ಫ್ಲಿಬ್‌ನೆಟ್ ಕೇಂದ್ರ ಇದರ ಉಸ್ತುವಾರಿ ವಹಿಸಿದೆ.

ಇದು ಓದುಗರ ಯೋಜನೆ ಎಂದೇ ಹೆಚ್ಚು ಪ್ರಚಾರವಾಯಿತು. ಆದರೆ ಆಯ್ದ ಗುಣಮಟ್ಟದ ಮುಕ್ತ ಪ್ರವೇಶ ಜರ್ನಲ್‌ಗಳಲ್ಲಿ ಪ್ರಕಟಿಸುವ ಲೇಖಕರ ನೆರವಿಗೆ ವರ್ಷಕ್ಕೆ 150 ಕೋಟಿ ರೂಪಾಯಿ ಮೀಸಲಿಡುವ ಅಂಶವೂ ಇದರಲ್ಲಿದೆ. ಸರ್ಕಾರಿ ಸಂಸ್ಥೆಗಳಲ್ಲಿರುವವರು ಕೈಯಿಂದ ಹಣ ಹಾಕುವ ಮುನ್ನ ತಮ್ಮ ಗ್ರಂಥಪಾಲಕರನ್ನು ಒಮ್ಮೆ ವಿಚಾರಿಸುವುದು ಒಳಿತು.

ಕೃತಿಚೌರ್ಯ ಪರೀಕ್ಷೆಗೂ ಹಣ ಕೊಡಬೇಕಿಲ್ಲ. 2019ರಲ್ಲಿ ಆರಂಭವಾದ 'ಶೋಧಶುದ್ಧಿ' ಯೋಜನೆಯಡಿ ವಿಶ್ವವಿದ್ಯಾಲಯಗಳಿಗೆ ಇದರ ಸಾಫ್ಟ್‌ವೇರ್ ಒದಗಿಸಲಾಗುತ್ತಿದೆ. ಯುಜಿಸಿಯ 2018ರ ನಿಯಮದಂತೆ ಶೇ 10ರವರೆಗಿನ ಹೋಲಿಕೆಗೆ ದಂಡವಿಲ್ಲ. ಅದನ್ನು ಮೀರಿದರೆ ಪ್ರಮಾಣಕ್ಕೆ ತಕ್ಕಂತೆ ಕ್ರಮ ಜರುಗುತ್ತದೆ.

ಮೋಸ ಎಲ್ಲಿ ನಡೆಯುತ್ತದೆ?

ಐಎಸ್‌ಎಸ್‌ಎನ್ ಇದ್ದರೆ ಸಾಕು, ಅದು ಮಾನ್ಯತೆ ಪಡೆದ ಜರ್ನಲ್ ಎಂಬ ನಂಬಿಕೆ ಕನ್ನಡ ವಿಭಾಗಗಳೂ ಸೇರಿದಂತೆ ಎಲ್ಲೆಡೆ ಇದೆ. ಇದು ತಪ್ಪು. ಐಎಸ್‌ಎಸ್‌ಎನ್ ಕೇವಲ 8 ಅಂಕಿಯ ಗುರುತು ಸಂಖ್ಯೆ. ಅದಕ್ಕೂ ಲೇಖನಗಳ ಗುಣಮಟ್ಟಕ್ಕೂ ಸಂಬಂಧವಿಲ್ಲ. 'ಯುಜಿಸಿ ಕೇರ್ ಪಟ್ಟಿಯಲ್ಲಿದ್ದೇವೆ' ಎಂಬ ಜಾಹೀರಾತನ್ನೂ ನಂಬಬೇಕಿಲ್ಲ. 2025ರ ಫೆಬ್ರವರಿಯಲ್ಲಿ ಯುಜಿಸಿ ಆ ಪಟ್ಟಿಯನ್ನೇ ಕೈಬಿಟ್ಟಿತು. ಜರ್ನಲ್ ಆಯ್ಕೆಯ ಹೊಣೆ ಈಗ ಸಂಸ್ಥೆಗಳದ್ದು ಮತ್ತು ಲೇಖಕರದ್ದು.

ಹೈದರಾಬಾದ್ ಮೂಲದ ಓಮಿಕ್ಸ್ ಸಂಸ್ಥೆಯ ಪ್ರಕರಣ ಇದಕ್ಕೆ ದೊಡ್ಡ ಉದಾಹರಣೆ. ತಜ್ಞರ ಪರಿಶೀಲನೆಯ ಬಗ್ಗೆ ಸುಳ್ಳು ಹೇಳಿದ್ದು, ಶುಲ್ಕದ ವಿಷಯ ಮುಚ್ಚಿಟ್ಟದ್ದು ಮುಂತಾದ ಆರೋಪಗಳ ಮೇಲೆ ಅಮೆರಿಕದ ಫೆಡರಲ್ ಟ್ರೇಡ್ ಕಮಿಷನ್ ಹೂಡಿದ್ದ ದಾವೆಯಲ್ಲಿ 2019ರಲ್ಲಿ ಅಲ್ಲಿನ ನ್ಯಾಯಾಲಯ 5.01 ಕೋಟಿ ಡಾಲರ್ ಪಾವತಿಸುವಂತೆ ಆದೇಶಿಸಿತು. ಲೇಖನ ಹಿಂಪಡೆಯಲು ಬಿಡುತ್ತಿರಲಿಲ್ಲ ಎಂಬುದೂ ಆರೋಪಗಳಲ್ಲೊಂದು. ಒಮ್ಮೆ ಇಂಥ ಕಡೆ ಪ್ರಕಟವಾದ ಲೇಖನವನ್ನು ಒಳ್ಳೆಯ ಜರ್ನಲ್ ಮತ್ತೆ ಸ್ವೀಕರಿಸುವುದಿಲ್ಲ. ಹಣಕ್ಕಿಂತ ದೊಡ್ಡ ನಷ್ಟ ಇದೇ.

ಪಿಎಚ್‌ಡಿ ವಿದ್ಯಾರ್ಥಿಗಳು ಇನ್ನೊಂದು ವಿಷಯ ಗಮನಿಸಬೇಕು. ಯುಜಿಸಿಯ 2022ರ ನಿಯಮಾವಳಿಯಲ್ಲಿ ಮಹಾಪ್ರಬಂಧ ಸಲ್ಲಿಸುವ ಮುನ್ನ ಲೇಖನ ಪ್ರಕಟಿಸಲೇಬೇಕೆಂಬ ಕಡ್ಡಾಯವಿಲ್ಲ. ಆದರೆ ವಿಶ್ವವಿದ್ಯಾಲಯಗಳು ತಮ್ಮದೇ ಷರತ್ತು ಇಟ್ಟುಕೊಂಡಿರಬಹುದು. ನಿಮ್ಮ ವಿಶ್ವವಿದ್ಯಾಲಯದ ನಿಯಮ ಓದದೆ ಅವಸರಪಡಬೇಡಿ.

ಹಣ ಕಟ್ಟುವ ಮುನ್ನ ಇಷ್ಟು ನೋಡಿ

* ಶುಲ್ಕ ಎಷ್ಟೆಂದು ಜರ್ನಲ್‌ನ ವೆಬ್‌ಸೈಟ್‌ನಲ್ಲಿ ಸ್ಪಷ್ಟವಾಗಿ ಬರೆದಿದೆಯೇ?
* ಎರಡು ಮೂರು ದಿನದಲ್ಲೇ ಅಂಗೀಕಾರ ಬಂದಿದೆಯೇ? ಬಂದಿದ್ದರೆ ಅನುಮಾನಪಡಿ.
* ತಜ್ಞರ ಟಿಪ್ಪಣಿಗಳು ಕೈಸೇರಿವೆಯೇ?
* ಸಂಪಾದಕ ಮಂಡಳಿಯಲ್ಲಿರುವವರು ತಮ್ಮ ವಿಶ್ವವಿದ್ಯಾಲಯದ ಪುಟದಲ್ಲೂ ಆ ಹೊಣೆಯನ್ನು ನಮೂದಿಸಿದ್ದಾರೆಯೇ?
* ಹಣ ಹೋಗುವುದು ಸಂಸ್ಥೆಯ ಖಾತೆಗೋ, ಯಾರದೋ ವೈಯಕ್ತಿಕ ಯುಪಿಐ ಸಂಖ್ಯೆಗೋ?
* ಕೃತಿಸ್ವಾಮ್ಯ ಯಾರಲ್ಲಿ ಉಳಿಯುತ್ತದೆ? ಅಂಗೀಕೃತ ಪ್ರತಿಯನ್ನು ನಿಮ್ಮ ಸಂಸ್ಥೆಯ ಸಂಗ್ರಹದಲ್ಲಿ ಇರಿಸಲು ಅನುಮತಿ ಇದೆಯೇ?

ಈ ಪ್ರಶ್ನೆಗಳಿಗೆ ಉತ್ತರ ಕೊಡದ ಜರ್ನಲ್‌ಗೆ ಲೇಖನವನ್ನೂ ಕೊಡಬೇಕಿಲ್ಲ, ಹಣವನ್ನೂ ಕೊಡಬೇಕಿಲ್ಲ.